ದೊಡ್ಡವರ ಡಾಕ್ಟರ್

ಆ ದಿನ ಕಳಕವ್ವ ಗದಗಕ್ಕೆ ಹೋಗಲಿಲ್ಲ. ಅಷ್ಟಕ್ಕೇ ಮನೆಯಲ್ಲಿ ಇಷ್ಟೆಲ್ಲ ಆಯಿತು.

ಶಿರಹಟ್ಟಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಖಾನಾವಳಿ. ಮುಂದೆ ಊಟದ ಬೆಂಚುಗಳು, ಹಿಂದೆ ಅಡುಗೆಮನೆ, ಅದರ ಹಿಂದೆ ಸಂಸಾರ. ಗಂಡ ಮೈಲಾರಲಿಂಗಪ್ಪ ದುಡ್ಡು ಎಣಿಸಿಕೊಳ್ಳುತ್ತ ಗಲ್ಲೆಯಲ್ಲಿ ಕೂಡುತ್ತಾನೆ, ಕಳಕವ್ವ ರೊಟ್ಟಿ ಬಡಿಯುತ್ತಾಳೆ, ಹಿರಿಯ ಮಗ ಮಾಳಿಂಗರಾಯ ಸಂತೆ, ಕಿರಾಣಿ, ಕಟ್ಟಿಗೆ ಎಂದು ಹೊರಗಿನದನ್ನು ನೋಡುತ್ತಾನೆ. ಕಿರಿಯ ಮಗ ಹೊನ್ನೇಶ. ಅವನು ಇನ್ನೂ ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗಲೇ ಅವನಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವ ಗುಳಿಗೆಯ ಸಕ್ಕರೆಯಲ್ಲ. ಮುಂಜಾನೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ ಬಿದ್ದರೆ ಮಾತ್ರ ಜೀವ ನಿಲ್ಲುವಂಥದ್ದು.

ಅಂದಿನಿಂದ ಆ ಸೂಜಿ ಕಳಕವ್ವನದಾಯಿತು. ಮನೆಯಲ್ಲಿ ಫ್ರಿಜ್ ಇಲ್ಲದ ಕಾಲದಲ್ಲಿ ಹಸಿ ಉಸುಕು ತುಂಬಿದ ಗಡಿಗೆಯೊಳಗೆ ಔಷಧದ ಬಾಟಲಿ ಇಟ್ಟು, ಬೇಸಿಗೆಯುದ್ದಕ್ಕೂ ಅದಕ್ಕೆ ನೀರು ಚಿಮುಕಿಸಿದವಳು ಅವಳು. ತವರಿನ ಮದುವೆಗೆ ಹೋದರೂ ಸಂಜೆಯ ಸೂಜಿಯ ಹೊತ್ತಿಗೆ ತಿರುಗಿ ಬರುತ್ತಿದ್ದಳು. ಹುಡುಗನ ಎಡಗೈ ರಟ್ಟೆಯ ಹಿಂದೆ ಒಂದು ಜಾಗವಿತ್ತು. ಅಲ್ಲಿ ಚುಚ್ಚಿದರೆ ಅವನು ಕಣ್ಣು ಸಹ ಮಿಟುಕಿಸುತ್ತಿರಲಿಲ್ಲ. "ನನ್ನ ಕೈಯಾಗ ನೋಯಂಗಿಲ್ಲ ನೋಡ್ರಿ" ಎಂದು ಓಣಿಯ ಹೆಂಗಸರಿಗೆ ಹೇಳಿಕೊಳ್ಳುತ್ತಿದ್ದಳು. ಗದಗಿನ ಮಕ್ಕಳ ಡಾಕ್ಟರಮ್ಮನ, ಎಲ್ಲರೂ ಬಾಯಾರು ಎನ್ನುವವರ, ಹತ್ತಿರ ಕರೆದುಕೊಂಡು ಹೋಗುವವಳೂ ಅವಳೇ, ಅವರು ಕೇಳಿದ್ದಕ್ಕೆ ಉತ್ತರ ಕೊಡುವವಳೂ ಅವಳೇ. "ನಮಗ ನೀರಡಿಕಿ ಭಾಳರಿ. ನಮಗ ಕಾಲು ಹರೀತಾವ್ರಿ. ಸೂಜಿ ಜಾಗಾ ಬದಲಿ ಮಾಡೇ ಹಾಕ್ತೀವ್ರಿ." ಹೊನ್ನೇಶ ಗೋಡೆಯ ಮೇಲೆ ಬರೆದ ಆನೆಯನ್ನು ನೋಡುತ್ತ ಕೂಡುತ್ತಿದ್ದ. ಹೀಗೇ ಅವನಿಗೆ ಮೀಸೆ ಬಂತು, ಹದಿನೆಂಟು ದಾಟಿತು.

ಆ ಸಲ ಮದುವೆಯ ಮನೆಯೊಂದರಿಂದ ರೊಟ್ಟಿಯ ದೊಡ್ಡ ಬೇಡಿಕೆ ಬಂದಿತ್ತು. ಒಲೆ ಬಿಟ್ಟು ಏಳುವಂತಿರಲಿಲ್ಲ.

"ನಾ ಹೋಗಿಬರ್ತೀನ್ರಿ ಅತ್ತಿ" ಎಂದಳು ಕಾವೇರಿ. ಅವಳು ಮಾಳಿಂಗರಾಯನ ಹೆಂಡತಿ, ದೀಪಾವಳಿಯ ಮುಂದೆ ಮುಂಡರಗಿಯಿಂದ ಬಂದ ಹೊಸ ಸೊಸೆ.

ಕಳಕವ್ವ ಒಲ್ಲದ ಮನಸ್ಸಿನಿಂದ ಕಳಿಸಿದಳು. ಮಧ್ಯಾಹ್ನದ ಬಸ್ಸಿಗೆ ಅವರು ಬಂದಾಗ ಇನ್ನೂ ಹಿಟ್ಟಿನಲ್ಲೇ ಇದ್ದಳು.

"ಏನಂದ್ರು ಬಾಯಾರು?"

"ಇನ್ನ ಮ್ಯಾಲೆ ಅಲ್ಲಿ ಬರೂದು ಬ್ಯಾಡಂತರಿ. ದೊಡ್ಡವರ ಡಾಕ್ಟರ್ ಕಡೆ ಹೋಗಬೇಕಂತ."

ರೊಟ್ಟಿ ಬಡಿಯುವ ಸದ್ದಿನಲ್ಲಿ ಕಳಕವ್ವನಿಗೆ ಕೇಳಿಸಿದ್ದು ದೊಡ್ಡ ಡಾಕ್ಟರ್ ಎಂದು. ದೊಡ್ಡ ಡಾಕ್ಟರ್ ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯವರು ಕೈಬಿಟ್ಟರು, ಹುಬ್ಬಳ್ಳಿಗೆ ಒಯ್ಯಿರಿ ಎಂದ ಹಾಗೆ. ಅವಳ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೇ ಹರಿಯಿತು.

"ಅಯ್ಯ ನನ ಶಿವನ! ಇಷ್ಟ ವರ್ಷ ನಾ ಒಯ್ದೆ, ಒಂದ ದಿನ ಬಾಯಾರು ಆ ಮಾತ ತಗೀಲಿಲ್ಲ. ನೀ ಒಂದ ಸಲ ಹೋದಿ, ದೊಡ್ಡ ಡಾಕ್ಟರ್ ಬಂತು! ಏನ್ ಹೇಳಿದಿ ಅವರ ಮುಂದ?"

"ನಾ ಏನ್ ಹೇಳ್ಲಿ ಅತ್ತಿ, ಅವರು ಎಲ್ಲಾ ಹೊನ್ನೇಶನ್ನ ಕೇಳಿದ್ರು."

"ಅವಗೇನ ಗೊತ್ತೈತಿ ಅವನ ಬ್ಯಾನಿ!"

ಸಂಜೆಯೊಳಗೆ ಸುದ್ದಿ ಓಣಿ ದಾಟಿತು. ಮರುದಿನ ಸೊರಟೂರಿನಿಂದ ಕಳಕವ್ವನ ತಂಗಿ ಬಾಳೆಹಣ್ಣು ಕಟ್ಟಿಕೊಂಡು ಬಂದಳು, ಬಾಗಿಲಲ್ಲೇ ಸೆರಗು ಕಣ್ಣಿಗೆ ಹಚ್ಚಿದಳು; ಕಳಕವ್ವನೂ ಅವಳ ಹೆಗಲಿಗೆ ಒರಗಿ ಅತ್ತಳು. ದಿನಾ ಊಟಕ್ಕೆ ಬರುವ ಗಾದಿ ಹೊಲಿಯುವ ಖಾಸಿಂಸಾಬ ತಾಟಿನ ಮುಂದೆ ಕೂತು ನಿಟ್ಟುಸಿರು ಬಿಟ್ಟ.

"ಹುಬ್ಬಳ್ಳಿಗೆ ಹೋಗಾಕ ಗಾಡಿ ಬೇಕಾದ್ರ ನಮ್ಮ ನವಾಜಂದು ಐತಿ ತಮ್ಮಾ. ಹೇಳಾಕ ಸಂಕೋಚ ಮಾಡಬ್ಯಾಡ."

ಹೊನ್ನೇಶ ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ. "ನಾ ಆರಾಮ ಇದ್ದೀನಿ ಚಾಚಾ."

"ಹಂಗ ಅನ್ನಬೇಕಪಾ. ಧೈರ್ಯ ಇದ್ರ ಅರ್ಧಾ ರೋಗ ಹೋಗ್ತೈತಿ."

ಹೊನ್ನೇಶನಿಗೆ ತಡೆಯಲಾಗಲಿಲ್ಲ. "ಅವ್ವಾ, ದೊಡ್ಡ ಡಾಕ್ಟರ್ ಅಲ್ಲಬೇ! ದೊಡ್ಡವರ ಡಾಕ್ಟರ್! ಸಣ್ಣ ಹುಡುಗೂರಿಗೆ ಬ್ಯಾರೆ ಡಾಕ್ಟರ್, ದೊಡ್ಡವರಿಗೆ ಬ್ಯಾರೆ. ನಾ ದೊಡ್ಡಾವ ಆಗೀನಿ, ಅಷ್ಟ!"

ಖಾಸಿಂಸಾಬ ಬೆಂಚು ಅಲುಗುವ ಹಾಗೆ ನಕ್ಕ. "ಹಂಗಾರ ಇದು ಖುಷಿ ಖಬರ! ಕಳಕವ್ವಾ, ಅಳೂದು ಬಿಟ್ಟು ಒಂದಿಷ್ಟು ಪೇಢೆ ಹಂಚು."

ತಂಗಿಯೂ ನಕ್ಕಳು. ಮೈಲಾರಲಿಂಗಪ್ಪನೂ ನಕ್ಕ. ಕಳಕವ್ವ ನಗಲಿಲ್ಲ. ಊರ ಮುಂದೆ ತಾನು ಅತ್ತದ್ದು ಸೊಸೆಯ ಬಾಯಿಯಿಂದ ಆಯಿತು ಎಂಬುದೊಂದೇ ಅವಳ ಹೊಟ್ಟೆಯಲ್ಲಿ ಉಳಿಯಿತು. "ಒಂದ ಮಾತ ನೆಟ್ಟಗ ಹೇಳಾಕ ಬರೂದಿಲ್ಲ ಈಕಿಗೆ" ಎಂದು ಒಲೆಯ ಮುಂದೆ ಹೋಗಿ ಕೂತಳು.

ಬಾಯಾರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು. ದೊಡ್ಡವರ ಕಡೆ ಹೋಗುವುದರೊಳಗೆ ಸೂಜಿ ಹಾಕಿಕೊಳ್ಳುವುದನ್ನು ಹೊನ್ನೇಶ ತಾನೇ ಕಲಿಯಬೇಕು. ಮಳೆಗಾಲಕ್ಕೆ ಅವನು ಗದಗಿನ ಐಟಿಐ ಸೇರುವವನಿದ್ದ; ಓಡಾಟದಲ್ಲಿ ಹೊತ್ತು ತಪ್ಪಿದರೆ ಅವ್ವನ ಕೈ ಅಲ್ಲಿಗೆ ಬರುವುದಿಲ್ಲ.

"ಕೊಡಬೇ ಇಲ್ಲೆ, ಇವತ್ತ ನಾ ಹಾಕ್ಕೋತೀನಿ."

"ನಾಳೆ ಹಾಕ್ಕೊಳ್ಳುವಂತಿ. ಇವತ್ತ ನನಗ ಗಡಿಬಿಡಿ ಐತಿ."

ಗಡಿಬಿಡಿ ದಿನಾ ಇರುತ್ತಿತ್ತು. ಹುಡುಗ ಬಾಟಲಿಗೆ ಕೈ ಹಾಕುವ ಮೊದಲೇ ಅವಳ ಕೈ ಅಲ್ಲಿರುತ್ತಿತ್ತು.

"ಬಾಯಾರು ಹೇಳ್ಯಾರಲ್ರೀ ಅತ್ತಿ..." ಎಂದಳು ಒಮ್ಮೆ ಕಾವೇರಿ.

"ನೀ ಹೋಗಿ ಶೇಂಗಾ ಕುಟ್ಟು."

ಒಂದು ಸೋಮವಾರ ಮುಂಜಾನೆ ಕಳಕವ್ವ ಮಠಕ್ಕೆ ಹೋದವಳು ಬರುವುದು ತಡವಾಯಿತು. ಹೊನ್ನೇಶ ಅಂಗಳದ ಕಟ್ಟೆಯ ಮೇಲೆ ಸೂಜಿಯ ಸಾಮಾನು ಇಟ್ಟುಕೊಂಡು ಕೂತು ಕಾವೇರಿಯನ್ನು ಕರೆದ.

"ವೈನಿ, ಇಲ್ಲೆ ಕುಂದ್ರು ಬಾ. ನೀ ಏನೂ ಮಾಡಬ್ಯಾಡ. ಬರೇ ನೋಡು."

"ಒಬ್ಬಾವಗ ಅಂಜಿಕಿ ಆಗಾಕತ್ತೈತೇನೋ?"

"ಅದಕ್ಕ ಅನ್ನಾಕತ್ತೀನಿ, ಕುಂದ್ರು ಅಂತ."

ಔಷಧವನ್ನು ಅವ್ವ ಎಳೆಯುವಷ್ಟೇ ಎಳೆದ. ರಟ್ಟೆಯ ಹಿಂಬದಿಗೆ ತನ್ನ ಕೈ ತಾನೇ ಮುಟ್ಟುವಂತಿರಲಿಲ್ಲ. ಅಂಗಿ ಎತ್ತಿ ಹೊಟ್ಟೆಯ ಮಗ್ಗುಲಿಗೆ ಚುಚ್ಚಿಕೊಂಡ. ಹಲ್ಲು ಕಚ್ಚಿದ. ಆಮೇಲೆ ಸೂಜಿ ಎತ್ತಿ ಹಿಡಿದು, ಆಟದಲ್ಲಿ ಗೆದ್ದವರ ಹಾಗೆ ವೈನಿಯ ಮುಖ ನೋಡಿದ. ಇಬ್ಬರೂ ನಕ್ಕರು. ಬಾಗಿಲಲ್ಲಿ ವಿಭೂತಿ ಹಚ್ಚಿಕೊಂಡು ನಿಂತಿದ್ದ ಕಳಕವ್ವ ನೋಡಿದ್ದು ಆ ನಗೆಯನ್ನು.

"ನಾ ಸತ್ತಿದ್ನೇನು?"

"ಹೊತ್ತಾಗಿತ್ತಬೇ..."

"ನಿನ್ನ ಕೇಳಿಲ್ಲ. ಈಕಿನ್ನ ಕೇಳಾಕತ್ತೀನಿ. ಮೈದುನನ ಅಂಗಿ ಎತ್ತಿಸಿ ಮುಂದ ಕುಂತ ನಗೂದು ಮುಂಡರಗಿ ಪದ್ಧತಿ ಏನವಾ?"

ಕಾವೇರಿಯ ಮುಖ ಕೆಂಪಾಯಿತು. "ಅತ್ತಿ, ಮಾತು ನೋಡಿ ಆಡ್ರಿ."

"ಕಲಿಸು ನನಗ ಮಾತು!"

ಹೊನ್ನೇಶ ಬೇಸತ್ತು ಮುಂದಿನ ಖಾನಾವಳಿಗೆ ಹೋಗಿ ತಾಟು ಹಚ್ಚತೊಡಗಿದ. ಒಳಗೆ ಜಗಳ ಏರಿತು. ಬುತ್ತಿಯ ಬುಟ್ಟಿಯಿಂದ ಹಿಡಿದು ಮದುವೆಯಲ್ಲಿ ಕೊಟ್ಟ ಸೀರೆಯ ಬಣ್ಣದವರೆಗೆ ಎಲ್ಲ ಹೊರಬಂತು. ಹಾಗಾಗಿ ಹುಡುಗ ಒಬ್ಬರಿಗೇ ಎರಡು ಸಲ ಝುಣಕ ಹಾಕಿದ್ದು, ಹಣೆಯಲ್ಲಿ ಬೆವರು ಇಳಿದದ್ದು ಅವರಿಗೆ ಗೊತ್ತಾಗಲಿಲ್ಲ. ತಾಟು ಬಿದ್ದ ಸಪ್ಪಳಕ್ಕೆ ಓಡಿ ಬಂದರು. ಹೊನ್ನೇಶ ಬೆಂಚಿಗೆ ಒರಗಿ ನೆಲಕ್ಕೆ ಕೂತಿದ್ದ, ಮಾತು ತೊದಲುತ್ತಿತ್ತು.

ಮೈಯಲ್ಲಿ ಸಕ್ಕರೆ ಇಳಿದಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಸಕ್ಕರೆ ಡಬ್ಬಿಗೆ ಹೋದರು. ಇಬ್ಬರ ಮುಷ್ಟಿಯೂ ಒಮ್ಮೆಗೇ ಅವನ ಬಾಯಿಗೆ ಬಂದು, ಅರ್ಧ ಸಕ್ಕರೆ ಅಂಗಿಯ ಮೇಲೆ ಚೆಲ್ಲಿತು.

"ಸರೀ ಹಿಂದಕ್ಕ!" ಕಳಕವ್ವ ಸೊಸೆಯ ಕೈಯನ್ನು ತಳ್ಳಿದಳು.

ಹುಡುಗ ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡ. ಕಳಕವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದಳು. "ನನ್ನ ಕೈಯಾಗ ಇದ್ದಾಗ ಒಂದ ದಿನ ಹಿಂಗ ಬಿದ್ದಿದ್ನೇನು? ಕೇಳ್ರಿ ಯಾರನ್ನರ."

ಹೆದರಿಕೆಯೇ ಹೆಚ್ಚಿತ್ತು ಅವಳಿಗೆ, ಸುಳ್ಳಲ್ಲ. ಆದರೆ ಆ ದನಿಯಲ್ಲಿ ಗೆದ್ದ ಸುಖವೂ ಇತ್ತು. ಕಾವೇರಿಗೆ ಅದು ಕೇಳಿಸಿತು.

ಸಂಜೆ ಊಟಕ್ಕೆ ಕೂತಾಗ ಮಾಳಿಂಗರಾಯ ತಾಟನ್ನು ಮುಂದಕ್ಕೆ ನೂಕಿದ.

"ನನಗೂ ಒಂದ ಬ್ಯಾನಿ ಬರಬೇಕಿತ್ತು."

"ಬಾಯಾಗ ಹುಳಾ ಬೀಳಲಿ, ಏನ್ ಮಾತೋ ಇದು?" ಎಂದಳು ತಾಯಿ.

"ಖರೆ ಮಾತು. ಸಣ್ಣಾವಿದ್ದಾಗ ಅವ್ವ ಅವಂದಾತು. ಈ ಮನ್ಯಾಗ ಒಂದ ಹಬ್ಬಕ್ಕ ಹೋಳಿಗಿ ಆಗಲಿಲ್ಲ, ಅವ ನೋಡ್ತಾನಂತ. ಈಗ ನನ್ನ ಹೆಂಡ್ತಿನೂ ಮುಂಜಾನೆದ್ದು ಅವನ ಸೂಜಿ ಮುಂದ ಕುಂದರ್ತಾಳ."

"ಒಂದ ದಿನ ಕುಂತಿದ್ದೆ" ಎಂದಳು ಕಾವೇರಿ. "ಇಲ್ಲೆ ನನಗ ಅಂತ ಏನೈತಿ? ರೊಟ್ಟಿ ಅತ್ತಿಯವರದು, ಗಲ್ಲೆ ಮಾವಾರದು. ನಾ ಕಾರ ಅರದ್ರ ಅದಕ್ಕೂ ಮತ್ತೊಮ್ಮಿ ಉಪ್ಪು ಹಾಕ್ತಾರ. ಇವ ಒಬ್ಬಾವ ಕರದ, ವೈನಿ ಕುಂದ್ರು ಬಾ ಅಂತ. ಕುಂತೆ."

"ಉಣ್ರಿ ಸುಮ್ನ" ಎಂದ ಮೈಲಾರಲಿಂಗಪ್ಪ. ಯಾರೂ ಉಣ್ಣಲಿಲ್ಲ, ಅವನೊಬ್ಬನನ್ನು ಬಿಟ್ಟು.

ಸೂಜಿ ಮತ್ತೆ ಕಳಕವ್ವನ ಕೈಗೆ ಹೋಯಿತು. ಮುಂದಿನ ವಾರಗಳಲ್ಲಿ ಅವಳು ಹಾಡಿಕೊಂಡು ರೊಟ್ಟಿ ಬಡಿದಳು, ಕಾವೇರಿ ತುಟಿ ಹೊಲಿದುಕೊಂಡು ಪಾತ್ರೆ ತಿಕ್ಕಿದಳು. ಹೊನ್ನೇಶ ರಟ್ಟೆ ಒಡ್ಡಿ ಕೂಡುತ್ತಿದ್ದ. ಆದರೆ ಈಗ ಆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ದೊಡ್ಡವರ ಡಾಕ್ಟರ್ ಕಡೆ ಹೋಗುವ ದಿನ ಬಂತು. ಜೊತೆಗೆ ಯಾರು ಎಂಬುದಕ್ಕೂ ಒಂದು ಜಗಳ. ಕಡೆಗೆ ಮೈಲಾರಲಿಂಗಪ್ಪ, "ಇಬ್ಬರೂ ಹಾಳಾಗಿ ಹೋಗ್ರಿ, ಇವತ್ತ ಗಿರಾಕಿಗೆ ಬರೇ ಅನ್ನ ಸಾರು ಹಾಕ್ತೀನಿ" ಎಂದ.

ಗದಗಿನ ಆ ಆಸ್ಪತ್ರೆಯಲ್ಲಿ ಗೋಡೆಯ ಮೇಲೆ ಆನೆಯಿರಲಿಲ್ಲ. ಬೆಂಚಿನ ತುಂಬ ಧೋತರದವರು, ಕೋಲು ಹಿಡಿದವರು, ಕಾಲಿಗೆ ಪಟ್ಟಿ ಸುತ್ತಿಕೊಂಡವರು. ಅವರ ನಡುವೆ ಹೊನ್ನೇಶ ಒಬ್ಬನೇ ಕರಿಮೀಸೆಯವನು. ಅತ್ತೆ ಸೊಸೆ ನಡುವೆ ಒಂದು ಚೀಲ ಇಟ್ಟುಕೊಂಡು ಕೂತರು.

ಗುಲ್ನಾಜ ಎಂಬ ಸಿಸ್ಟರ್ ಬಾಗಿಲಿಗೆ ಬಂದು ಕೂಗಿದಳು. "ಹೊನ್ನೇಶ ಯಾರ್ರೀ?"

"ನಾವ್ರಿ" ಎಂದು ಕಳಕವ್ವ ಎದ್ದಳು.

"ನೀವು?"

"ನಮಗ ಸಣ್ಣವರಿದ್ದಾಗಿಂದ ಸಕ್ರಿ ಐತ್ರಿ. ದಿನಾ ಎರಡ ಹೊತ್ತು ಸೂಜಿ ತಗೋತೀವ್ರಿ."

"ನಿಮಗೂ ಐತೇನ್ರಿ ಅಮ್ಮಾ? ಹಂಗಾರ ನಿಮ್ಮ ಚೀಟಿ ಬ್ಯಾರೆ ಮಾಡಿಸ್ಕೊಂಡ ಬರ್ರಿ. ಈಗ ಹೊನ್ನೇಶನ್ನ ಅಷ್ಟ ಕಳಸ್ರಿ."

ಬೆಂಚಿನ ಮುದುಕರು ನಕ್ಕರು. ಕಾವೇರಿಯೂ ಸೆರಗು ಬಾಯಿಗೆ ಹಿಡಿದಳು. ಕಳಕವ್ವ ನಿಂತೇ ಇದ್ದಳು. ಹೊನ್ನೇಶ ಒಳಗೆ ಹೋದ, ಬಾಗಿಲು ಮುಚ್ಚಿತು.

ಒಳಗೆ ಡಾಕ್ಟರ್ ಮೊದಲನೇ ಪ್ರಶ್ನೆ ಕೇಳಿದಾಗ ಅವನು ರೂಢಿಯಂತೆ ಮಗ್ಗುಲಿಗೆ ನೋಡಿದ. ಅಲ್ಲಿ ಖಾಲಿ ಕುರ್ಚಿ ಇತ್ತು. ಮತ್ತೆ ಡಾಕ್ಟರ್ ಕಡೆ ತಿರುಗಿ ತಾನೇ ಹೇಳಿದ. ಏನು ಉಣ್ಣುತ್ತೇನೆ, ಎಷ್ಟು ಔಷಧ, ಯಾವಾಗ ತಲೆ ತಿರುಗುತ್ತದೆ, ಹೊಟ್ಟೆಗೆ ಹಾಕಿಕೊಂಡ ದಿನ ಹೇಗೆ ಬಿದ್ದೆ.

"ಮದಲ ಎಲ್ಲಿ ಹಾಕ್ತಿದ್ರು?"

ತೋಳು ಏರಿಸಿ ತೋರಿಸಿದ. ಡಾಕ್ಟರ್ ಎರಡು ಬೆರಳಿನಿಂದ ಒತ್ತಿ ನೋಡಿದರು. ಚರ್ಮದ ಕೆಳಗೆ ನಿಂಬೆಕಾಯಿಯಷ್ಟು ಗಂಟು ಕೂತಿತ್ತು.

"ಒಂದ ಜಾಗಾಕ್ಕ ಹಾಕಿ ಹಾಕಿ ಇಲ್ಲೆ ಗಂಟು ಕಟ್ಟೈತಿ. ಇಲ್ಲೆ ಚುಚ್ಚಿದ್ರ ನೋವೂ ಆಗೂದಿಲ್ಲ, ಔಷಧನೂ ಪೂರಾ ಮೈಗೆ ಹತ್ತೂದಿಲ್ಲ. ಹತ್ತವಲ್ದಂತ ಔಷಧ ಹೆಚ್ಚ ಮಾಡಕೋತ ಬಂದಾರ. ಅಷ್ಟೂ ಔಷಧ ಹೊಟ್ಟಿಗೆ ಹಾಕಿದಿ, ಅಷ್ಟೂ ಹತ್ತಿತು. ಅದಕ್ಕ ಬಿದ್ದಿ. ಇನ್ನ ಈ ರಟ್ಟಿ ಮುಟ್ಟಬ್ಯಾಡ." ಔಷಧ ಇಳಿಸಿ ಹೇಳಿದರು. ಸ್ವಲ್ಪ ದಿನ ಮನೆಯವರು ಯಾರಾದರೂ ಕೂತು ನೋಡಲಿ ಎಂದರು. "ಹೊರಗ ಯಾರ ಅದಾರ? ಕರದು ನಾ ಹೇಳ್ಲೋ, ನೀ ಹೇಳ್ತೀಯೋ?"

ಹೊನ್ನೇಶ ಬಾಗಿಲ ಕಡೆ ನೋಡಿದ. "ನಾನ ಹೇಳ್ತೀನ್ರಿ. ನಮ್ಮವ್ವ ಹೊರಗಿನವರ ಬಾಯಾಗ ಇದನ್ನ ಕೇಳಬಾರದು."

ಹೊರಗೆ ಇಬ್ಬರೂ ಒಮ್ಮೆಗೇ ಕೇಳಿದರು. "ಏನಂದ್ರು?"

"ನಡೀರಿ, ಬಸ್ ಹೋಗ್ತೈತಿ."

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ, ವೈನಿ ಈ ತುದಿಗೆ, ಅವನು ನಡುವೆ. ನಾಗಾವಿ ದಾಟಿತು. ಸೊರಟೂರ ಹತ್ತಿರ ಬರುವವರೆಗೂ ಅವನು ಮಾತು ಹುಡುಕುತ್ತಿದ್ದ. ಆಮೇಲೆ ಹುಡುಕುವುದನ್ನು ಬಿಟ್ಟು, ಡಾಕ್ಟರ್ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದ.

ಕಳಕವ್ವ ಅವನ ರಟ್ಟೆಯನ್ನು ಕೈಗೆ ತೆಗೆದುಕೊಂಡಳು. ಅಂಗಿಯ ಮೇಲಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇದು ಗೊತ್ತಿತ್ತು ನನಗ" ಎಂದಳು ಮೆಲ್ಲಗೆ. "ಹುಡುಗ ಮೈ ತುಂಬಾಕತ್ತಾನ, ರಟ್ಟಿ ಗಟ್ಟಿ ಆಗಾಕತ್ತೈತಿ ಅಂದಕೊಂಡಿದ್ದೆ."

ಕಾವೇರಿ ಸುಮ್ಮನಿರಬಹುದಿತ್ತು. ಆದರೆ ಅವಳೂ ಬಹಳ ದಿನ ನುಂಗಿಕೊಂಡಿದ್ದಳು. "ಹಂಗಾರ ಅವತ್ತ ಬಿದ್ದದ್ದು ನನ್ನಿಂದಲ್ಲ ಅಂದಂಗಾತು."

"ನನ್ನಿಂದ ಅನ್ನವಾ, ಪೂರಾ ಅಂದಬಿಡು. ಬಸ್ಸಿನ ತುಂಬ ಕೇಳಲಿ."

"ನೀವು ಖಾನಾವಳಿ ತುಂಬ ಅಂದಿದ್ರಲ್ರಿ."

"ಸಾಕ ಮಾಡ್ರೀ ಇಬ್ಬರೂ!" ಹೊನ್ನೇಶನ ದನಿಗೆ ಕಂಡಕ್ಟರ್ ಸಹ ತಿರುಗಿದ. "ನಿಂದು ನಂದು ಅಂತ ಪಾಲು ಮಾಡಕೊಳ್ಳಾಕ ಇದೇನು ಹೊಲಾ ಏನು? ಬ್ಯಾನಿ ನಂದು. ಬಿದ್ದಾವ ನಾ. ಇನ್ನ ಚುಚ್ಚಿಕೊಳ್ಳಾವನೂ ನಾನ."

ಶಿರಹಟ್ಟಿ ಬರುವವರೆಗೆ ಮೂವರೂ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತರು.

ಅಂದಿನಿಂದ ಕಳಕವ್ವ ಸೂಜಿಯ ಹೊತ್ತಿಗೆ ಅಂಗಳಕ್ಕೆ ಹೋಗುವುದನ್ನೇ ಬಿಟ್ಟಳು. ಹೊನ್ನೇಶ ಎರಡು ಮೂರು ಸಲ ಕರೆದ. "ನಿಮ್ಮ ವೈನಿ ಅದಾಳಲ್ಲ" ಎಂದಳು. ಒಲೆಯ ಮುಂದೆ ಕೂತು ಕಿವಿಯನ್ನು ಮಾತ್ರ ಅಂಗಳದಲ್ಲಿ ಇಟ್ಟಿರುತ್ತಿದ್ದಳು. ಅಲ್ಲಿ ಏನಾದರೂ ನಗೆ ಕೇಳಿದರೆ ಇಲ್ಲಿ ಕಟ್ಟಿಗೆಗೆ ಬೈಗಳು ಬೀಳುತ್ತಿದ್ದವು.

"ಹೋಗಿ ನೋಡಬಾರದೇನ?" ಎಂದ ಮೈಲಾರಲಿಂಗಪ್ಪ.

"ನೋಡೂದೇನೈತಿ. ಹತ್ತ ವರ್ಷ ಹಾಕಿದಾಕಿ ಕೈ ಕಟಗೊಂಡ ಕುಂತು ನೋಡಬೇಕಾ? ಆಕಿ ನೋಡ್ತಾಳ, ಆಕಿಗೆ ಹೊಸಾದು."

ಸೂಜಿಯ ಆ ಹೊತ್ತಿಗೆ ಅವಳ ಕೈಗಳು ಖಾಲಿ ಉಳಿಯತೊಡಗಿದವು. ಒಂದು ಸಂಜೆ ಸಂತೆಯಿಂದ ಬಂದ ಮಾಳಿಂಗರಾಯನ ಮುಂದೆ ನೀರಿನ ತಂಬಿಗೆ ಇಟ್ಟು, ಹೋಗದೆ ನಿಂತಳು.

"ನಿನಗೇನರ ಮಾಡ್ಲೇನೋ?"

"ನನಗಾ?" ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು. "ಯಾಕ, ನನಗೂ ಸಕ್ರಿ ಬಂತೇನು?"

"ಕೇಳಿದ್ದಕ್ಕ ಹೇಳು."

ಅವನಿಗೆ ತಟ್ಟನೆ ಏನೂ ಹೊಳೆಯಲಿಲ್ಲ. ತಂಬಿಗೆಯ ನೀರು ಪೂರಾ ಕುಡಿದು, "ಮಾದಲಿ" ಎಂದ.

ಗೋದಿ ಹುರಿದು ಬೆಲ್ಲ ಕೂಡಿಸಿದ ಸಿಹಿ ವಾಸನೆ ಓಣಿಗೆ ಹೋಯಿತು. ಹೊನ್ನೇಶನೂ ಒಂದು ಚಮಚ ತಿಂದ. ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿಕೊಂಡು ಬಂದಿದ್ದ. ಮಾಳಿಂಗರಾಯ ಮೂರು ಸಲ ಹಾಕಿಸಿಕೊಂಡು, ತಾಟನ್ನು ಬೆರಳಿನಿಂದ ಒರೆಸಿ ತಿಂದ. ಕಾವೇರಿ ಅದನ್ನೂ ಒಂದು ಥರ ನೋಡಿದಳು. ಅಡುಗೆಗೆ ಏನು ಮಾಡಲಿ ಎಂದು ತಾನು ಕೇಳಿದಾಗೆಲ್ಲ, ಏನರ ಮಾಡು ಎನ್ನುತ್ತಿದ್ದ ಗಂಡ ಅವನು.

ಮಳೆ ಹಿಡಿಯಿತು. ಹೊನ್ನೇಶ ದಿನಾ ಬಸ್ಸಿಗೆ ಗದಗಕ್ಕೆ ಹೋಗಿ ಬರತೊಡಗಿದ. ಒಂದು ಸಂಜೆ ಬಂದವನು ಕೈಕಾಲು ತೊಳೆದು, ಅಂಗಳ ಒದ್ದೆಯಿದ್ದುದರಿಂದ ಅಡುಗೆಮನೆಯ ಹೊಸ್ತಿಲ ಮುಂದೆಯೇ ಬಾಟಲಿ, ಸೂಜಿ ಇಟ್ಟುಕೊಂಡು ಕೂತ. ಕಾವೇರಿ ಎಂದಿನಂತೆ ಬಂದು ಎದುರಿಗೆ ಕೂತಳು. ಬಾಟಲಿ ಬೆಳಕಿಗೆ ಹಿಡಿದ, ಔಷಧ ಎಳೆದ, ಗುಳ್ಳೆ ಬಂತೆಂದು ಬೆರಳಿನಿಂದ ಬಡಿದ. ಈ ಸಲ ತೊಡೆಗೆ. ಬೆರಳಿನಿಂದ ಒತ್ತಿ ಜಾಗ ಹುಡುಕತೊಡಗಿದ.

ಹಿಂದೆ ತವೆಯ ಮೇಲೆ ರೊಟ್ಟಿ ಉಬ್ಬಿತು. ತಿರುವುವವರು ಯಾರೂ ಇರಲಿಲ್ಲ. ಕಳಕವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸೊಸೆಯ ಬೆನ್ನ ಹಿಂದೆ ನಿಂತಿದ್ದಳು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಕೆಳಗೆ ಕೂತಳು. ಕೂತರೂ ನೆಟ್ಟಗೆ ಕಾಣಲಿಲ್ಲ.

"ಅತ್ತಾಗ ಸರಿ" ಎಂದಳು ಕಾವೇರಿಗೆ. "ನಿನ್ನ ತಲಿ ಅಡ್ಡ ಬರ್ತೈತಿ."

ಕಾವೇರಿ ಒಂದು ಗೇಣು ಸರಿದಳು.

ಕಳಕವ್ವ ಆ ಗೇಣನ್ನು ನೋಡಿದಳು, ಮಗನನ್ನು ನೋಡಿದಳು.

"ಇನ್ನಷ್ಟು."